ಎರಡು ಗಂಟೆ ತಾನಾಗಿ ಬರುವವರೆಗೆ

ಕೋವಿಡ್‌ಗೆ ಹಿಂದಿನ ಬೇಸಿಗೆ. ಆಂಡರ್ಸನ್‌ಪೇಟೆಯ ಸಣ್ಣದೊಂದು ಧರ್ಮಾಸ್ಪತ್ರೆಯಲ್ಲಿ ನಾನು ಸಿಸ್ಟಮ್ಸ್ ಇನ್‌ಚಾರ್ಜ್. ರಿಟೈರ್ ಆದ ಮೇಲೂ ಕಾಂಟ್ರಾಕ್ಟ್ ಮೇಲೆ ನನ್ನನ್ನು ಉಳಿಸಿಕೊಂಡಿದ್ದರು. ಪ್ರೀತಿಯಿಂದಲ್ಲ, ಅಲ್ಲಿನ ನೇಮ್ ಸರ್ವರ್‌ನೊಳಗಿನ ಹೆಸರುಗಳನ್ನೆಲ್ಲ ಒಂದೊಂದಾಗಿ ಬರೆದವಳು ನಾನೇ ಆಗಿದ್ದರಿಂದ.

ಕಂಪ್ಯೂಟರುಗಳು ಒಂದನ್ನೊಂದು ನಂಬರಿನಿಂದ ಗುರುತಿಸುತ್ತವೆ, ಮನುಷ್ಯರು ಹೆಸರಿನಿಂದ ಕರೆಯುತ್ತಾರೆ. ‘ಲ್ಯಾಬ್’ ಎಂದರೆ ಯಾವ ನಂಬರು ಎಂದು ಹುಡುಕಿಕೊಡುವುದೇ ನೇಮ್ ಸರ್ವರ್. ಉರಿಗಾಂ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ನಮ್ಮಪ್ಪ ಮಾಡುತ್ತಿದ್ದದ್ದೂ ಇದನ್ನೇ. ಕೆಳಗಿಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಟೋಕನ್. ಯಾವ ನಂಬರು ಯಾರದು, ಎಷ್ಟು ಹೊತ್ತಿಗೆ ಇಳಿದ, ಎಷ್ಟು ಹೊತ್ತಿಗೆ ಹತ್ತಿದ ಎಂಬುದೆಲ್ಲ ಅಪ್ಪನ ಪುಸ್ತಕದಲ್ಲಿ. ಕಾನ್ವೆಂಟ್ ಬಿಟ್ಟೊಡನೆ ಯೂನಿಫಾರಂನಲ್ಲೇ ಹೋಗಿ ಆ ಮೇಜಿನ ಪಕ್ಕ ಕೂರುತ್ತಿದ್ದೆ.

ನಮ್ಮಲ್ಲಿ ಎರಡು ಸರ್ವರ್‌ಗಳಿದ್ದವು: ಒಂದು ಆಸ್ಪತ್ರೆಯಲ್ಲಿ, ಇನ್ನೊಂದು ಬಂಗಾರಪೇಟೆಯ ನಮ್ಮ ಲ್ಯಾಬ್‌ನಲ್ಲಿ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೂ ನಕಲಾಗುತ್ತಿತ್ತು. ಪ್ರತಿ ಹೆಸರಿನ ಮೇಲೂ ಬರೆದ ಹೊತ್ತಿನ ಮುದ್ರೆ ಇರುತ್ತಿತ್ತು; ಯಂತ್ರ ಆಗಾಗ ತನ್ನ ಹೆಸರು, ನಂಬರು ಹೇಳಿಕೊಂಡಾಗೆಲ್ಲ ಆ ಮುದ್ರೆ ಹೊಸದಾಗುತ್ತಿತ್ತು. ಒಂದೇ ಹೆಸರಿಗೆ ಎರಡು ನಂಬರು ಬಂದರೆ ಯಾವುದರ ಮುದ್ರೆ ಹೊಸದೋ ಅದನ್ನೇ ನಂಬಬೇಕೆಂಬುದು ಎರಡಕ್ಕೂ ಹಾಕಿಕೊಟ್ಟ ನಿಯಮ.

ಆ ದಿನ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಸರ್ವರ್‌ನ ಬ್ಯಾಟರಿ ಬದಲಿಸಿದವರು ಗಡಿಯಾರಕ್ಕೆ ಏಳರ ಬದಲು ಹನ್ನೊಂದು ಕೊಟ್ಟುಹೋದರು. ಮೊದಲು ಗಮನಿಸಿದ್ದು ವಾರ್ಡಿನ ಸಿಸ್ಟರ್ ಲಲಿತಾ. ಒಂಬತ್ತೂವರೆಗೆ ಫೋನ್ ಮಾಡಿದಳು.

“ಮೇಡಂ, ಮುನಿಯಮ್ಮಂಗೆ ಎರಡು ಗಂಟೆ ಇಂಜೆಕ್ಷನ್ ರೆಡಿ ಮಾಡು ಅಂತೈತೆ ಕಂಪ್ಯೂಟರು. ನಾನಿನ್ನೂ ಬೆಳಿಗ್ಗೆ ಟೀನೇ ಕುಡಿದಿಲ್ಲ.”

ಮುನಿಯಮ್ಮ ಬಂಗಾರಪೇಟೆ ಕಡೆಯ ಹಳ್ಳಿಯವಳು, ಕೂಲಿ ಮಾಡುವವಳು. ಕಾಲಿನ ಗಾಯ ಕೀವಾಗಿ ಮಲಗಿದ್ದಳು. ಅವಳಿಗೆ ಕೊಡುತ್ತಿದ್ದ ಔಷಧಿ ಕಿಡ್ನಿಗೆ ಭಾರ. ಬಂಗಾರಪೇಟೆಗೆ ಕಳಿಸಿದ್ದ ರಕ್ತದ ರಿಪೋರ್ಟ್ ನೋಡಿಯೇ ಮುಂದಿನದನ್ನು ಕೊಡಬೇಕೆಂದು ಡಾಕ್ಟರು ಬರೆದಿದ್ದರು. ಸರಿಯಾದ ರಿಪೋರ್ಟ್, ಸರಿಯಾದ ಹೊತ್ತು: ಎರಡರಲ್ಲಿ ಒಂದು ತಪ್ಪಿದರೂ ಅವಳಿಗೇ ಏಟು.

ನಾನು ಸರ್ವರ್ ಕೋಣೆ ತಲುಪುವಷ್ಟರಲ್ಲಿ, ಹತ್ತು ಗಂಟೆಗೆ, ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಕಂಪನಿಯ ಎಂಜಿನಿಯರ್ ಬೆಂಗಳೂರಿನಿಂದಲೇ ಗಡಿಯಾರವನ್ನು ನಾಲ್ಕು ಗಂಟೆ ಹಿಂದಕ್ಕೆ ಎಳೆದು, ಎಲ್ಲ ಯಂತ್ರಗಳನ್ನೂ ರೀಸ್ಟಾರ್ಟ್ ಮಾಡಿಸಿದ್ದ. ಗಡಿಯಾರ ಸರಿಹೋಯಿತು, ಹೆಸರುಗಳು ಕೆಟ್ಟವು. ರೀಸ್ಟಾರ್ಟ್ ಆದಾಗ ಲ್ಯಾಬ್ ಯಂತ್ರಕ್ಕೆ ಹೊಸ ನಂಬರು ಸಿಕ್ಕಿತ್ತು, ಅದರ ಮುದ್ರೆ ಹತ್ತು ಗಂಟೆಯದು. ಸರ್ವರ್ ಕೈಯಲ್ಲಿದ್ದ ಹಳೆಯ ನಂಬರಿಗೆ ಮಧ್ಯಾಹ್ನ ಎರಡರ ಮುದ್ರೆ. ಹೊಸದನ್ನೇ ಹಳೆಯದೆಂದು ಸರ್ವರ್ ತಳ್ಳಿಹಾಕಿತು. ವಾರ್ಡಿನಿಂದ ‘ಲ್ಯಾಬ್’ ಎಂದು ಕರೆದರೆ ಎಕ್ಸ್‌ರೇ ಕೋಣೆಯ ಕಂಪ್ಯೂಟರು ಓಗೊಡುತ್ತಿತ್ತು. ಹಳೆಯ ನಂಬರು ಅದರ ಪಾಲಾಗಿತ್ತು.

ಎಂಜಿನಿಯರ್ ಫೋನಿನಲ್ಲಿ ಹೇಳಿದ, “ಸಿಂಪಲ್ ಮೇಡಂ. ಗಡಿಯಾರಾನ ಮತ್ತೆ ನಾಲ್ಕು ಗಂಟೆ ಮುಂದಕ್ಕೆ ಹಾಕ್ಬಿಡಿ. ಇಲ್ಲಾಂದ್ರೆ ಎರಡೂ ಸರ್ವರ್ ಅಳಿಸಿ ಹೊಸದಾಗಿ ತುಂಬಿಸಿ.”

ಮುಂದಕ್ಕೆ ಹಾಕಿದರೆ ವಾರ್ಡಿನ ಪರದೆ ಮತ್ತೆ ಮುನಿಯಮ್ಮನ ಇಂಜೆಕ್ಷನ್ ಕೇಳುತ್ತಿತ್ತು. ಎಲ್ಲ ಸಿಸ್ಟರುಗಳೂ ಲಲಿತಾ ಆಗಿರುವುದಿಲ್ಲ. ಒಂದನ್ನೇ ಅಳಿಸಿದರೆ ಇನ್ನೊಂದು ಅದೇ ತಪ್ಪು ಮುದ್ರೆಗಳನ್ನು ವಾಪಸು ತುಂಬಿಸುತ್ತದೆ. ಎರಡನ್ನೂ ಅಳಿಸಿದರೆ ಮತ್ತೆ ಹೆಸರು ಬರೆದು ಮುಗಿಸುವಾಗ ಮರುದಿನ.

“ನೋ,” ಎಂದೆ. “ನಾನು ಕಾಯ್ತೀನಿ.”

“ಏನನ್ನ ಮೇಡಂ?”

“ಎರಡು ಗಂಟೆ ಆಗೋದನ್ನ.”

ಆ ಕಡೆಯಿಂದ ನಗು ಕೇಳಿಸಿತು. ಮೇಲಿನವರಿಗೆ ಎಸ್ಕಲೇಟ್ ಮಾಡುತ್ತೇನೆ ಎಂದ. ಪ್ಲೀಸ್ ಡೂ ಎಂದು ಫೋನಿಟ್ಟು, ಹೊರಗಿನಿಂದ ಯಾರೂ ಸರ್ವರ್ ಮುಟ್ಟದ ಹಾಗೆ ಅದರ ದಾರಿ ಮುಚ್ಚಿದೆ. ಎರಡೂ ಕಡೆ ಹೊಸ ಹೆಸರು ಬರೆಯುವುದನ್ನು ನಿಲ್ಲಿಸಿದೆ.

ಟೈಮ್ ಆಫೀಸಿನ ಪೆಂಡುಲಂ ಗಡಿಯಾರ ಒಮ್ಮೊಮ್ಮೆ ಮುಂದೆ ಓಡುತ್ತಿತ್ತು. ಅಪ್ಪ ಮುಳ್ಳನ್ನು ಎಂದೂ ಹಿಂದಕ್ಕೆ ತಿರುಗಿಸಲಿಲ್ಲ. ಪೆಂಡುಲಂಗೆ ಬೆರಳು ಅಡ್ಡ ಇಟ್ಟು ನಿಲ್ಲಿಸಿ, ಕೈಗಡಿಯಾರ ನೋಡುತ್ತಾ, ನಿಜವಾದ ಹೊತ್ತು ಬಂದು ಸೇರುವವರೆಗೆ ಹಾಗೇ ನಿಲ್ಲುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ ಹೇಳಿದ್ದರು, “ಹಿಂದಕ್ಕೆ ತಿರುಗಿಸಿದ್ರೆ ನನ್ನ ಪುಸ್ತಕದಲ್ಲಿ ಒಬ್ಬ ಕೆಳಗಿಳಿಯೋ ಮುಂಚೇನೇ ಮೇಲೆ ಬಂದಿರ್ತಾನೆ ಕಣಮ್ಮ.”

ಹೆಸರು ಇಲ್ಲದಿದ್ದರೇನು, ನಂಬರಿತ್ತಲ್ಲ. ಒಂದು ಗಂಟೆಗೆ ರಿಪೋರ್ಟ್ ಸಿದ್ಧವಾಯಿತು. ಬಂಗಾರಪೇಟೆಯ ಟೆಕ್ನಿಷಿಯನ್ ವೆಂಕಟೇಶನಿಗೆ ಫೋನ್ ಮಾಡಿ ಯಂತ್ರದ ಹೊಸ ನಂಬರು ಓದಿಸಿ, ವಾರ್ಡಿಗೆ ಹೋಗಿ ಅಲ್ಲಿನ ಕಂಪ್ಯೂಟರಿಗೆ ನೇರವಾಗಿ ಅದನ್ನೇ ಕೊಟ್ಟೆ. ಬರೀ ನಂಬರನ್ನು ಅಪ್ಪ ನಂಬುತ್ತಿರಲಿಲ್ಲ. ಟೋಕನ್ ಕೈಗಿಡುವ ಮೊದಲು ಗಣಿಗಿಳಿಯುವವನ ಬಾಯಿಂದಲೇ ಹೆಸರು ಹೇಳಿಸುತ್ತಿದ್ದರು. ಹಾಗಾಗಿ ಯಂತ್ರದ ಮೇಲೆ ಅಂಟಿಸಿದ್ದ ಹೆಸರಿನ ಚೀಟಿಯನ್ನೂ ವೆಂಕಟೇಶನಿಂದ ಓದಿಸಿದೆ. ರಿಪೋರ್ಟಿನಲ್ಲಿದ್ದ ಹೆಸರು, ವಯಸ್ಸು, ಊರನ್ನು ಲಲಿತಾ ಮುನಿಯಮ್ಮನನ್ನೇ ಕೇಳಿ ತಾಳೆ ನೋಡಿದಳು.

“ಏನಮ್ಮೋ, ಎಲ್ಲಾರೂ ಓಡಾಡ್ತಾ ಅವ್ರೆ,” ಎಂದಳು ಮುನಿಯಮ್ಮ ನನ್ನತ್ತ ತಿರುಗಿ. “ಗಡಿಯಾರಕ್ಕೂ ಜರ ಬಂದೈತಾ?”

“ಬಂದಿತ್ತು, ಇಳಿದಿದೆ. ಬಾಯಿ ಇನ್ನೂ ಕಹಿ, ಏನು ಕೊಟ್ಟರೂ ಬೇಡ ಅಂತಿದೆ.”

“ಒತ್ತಾಗ್ಲಿ ಬುಡು. ಅಸಿದ್ರೆ ತಾನೇ ತಿಂತೈತೆ.”

ಡಾಕ್ಟರು ರಿಪೋರ್ಟ್ ನೋಡಿ ಅರ್ಧ ಡೋಸ್ ಸಾಕೆಂದರು. ಕಿಡ್ನಿ ಆಗಲೇ ದಣಿದಿತ್ತು. ಗೋಡೆಯ ಗಡಿಯಾರದಲ್ಲಿ ಎರಡಾದಾಗ ಲಲಿತಾ ಅದನ್ನು ಕೊಟ್ಟಳು. ಐದು ನಿಮಿಷ ಬಿಟ್ಟು ನಾನು ಸರ್ವರ್‌ಗಳನ್ನು ತೆರೆದೆ. ಯಂತ್ರಗಳು ಒಂದೊಂದಾಗಿ ತಮ್ಮ ಹೆಸರು ಹೇಳಿಕೊಂಡವು. ಈಗ ಅವುಗಳ ಮುದ್ರೆಯೇ ಹೊಸದು. ಒಂದನ್ನೂ ಸರ್ವರ್ ತಳ್ಳಲಿಲ್ಲ. ‘ಲ್ಯಾಬ್’ ಎಂದು ಕರೆದೆ. ಲ್ಯಾಬೇ ಓಗೊಟ್ಟಿತು.

ಮರುದಿನ ಆಡಳಿತಾಧಿಕಾರಿಗಳಿಂದ ಮೆಮೊ ಬಂತು. ಸರ್ವರ್ ನಾಲ್ಕು ಗಂಟೆ ಸುಮ್ಮನಿದ್ದುದೇಕೆ ಎಂದು ವಿವರಣೆ ಕೇಳಿದ್ದರು. ಕ್ಷಮೆ ಕೋರಿ ಎರಡು ಸಾಲು ಬರೆದರೆ ಮುಗಿಯುತ್ತದೆ ಎಂದು ಹಿತೈಷಿಗಳ ಸಲಹೆ. ನಾನು ಕ್ಷಮೆ ಕೋರಲಿಲ್ಲ. ಮರುವರ್ಷ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಆ ಕೋಣೆಯ ತಣ್ಣನೆಯ ಗುಂಯ್‌ಗುಡುವಿಕೆ ಇಂದಿಗೂ ನೆನಪಾಗುತ್ತದೆ.

ತಪ್ಪು ಗಂಟೆಯನ್ನು ಹಿಂದಕ್ಕೆ ಎಳೆಯುವುದು ಸುಲಭ, ಆ ಗಂಟೆಯಲ್ಲಿ ಬರೆದದ್ದು ಅದರ ಜೊತೆ ಹಿಂದಕ್ಕೆ ಬರುವುದಿಲ್ಲ. ಅಪ್ಪನ ಬೆರಳಿನಿಂದ ಅರ್ಧ ಕಲಿತಿದ್ದ ಈ ಪಾಠವನ್ನು ಆ ಕೆಲಸ ಪೂರ್ತಿ ಕಲಿಸಿತು. ಮೆಮೊಗೆ ನಾನು ಕೊಟ್ಟ ಉತ್ತರ ಇಷ್ಟೇ: “ಸರ್ವರ್ ಸುಮ್ಮನಿರಲಿಲ್ಲ, ಕಾಯುತ್ತಿತ್ತು. ಕಾಯಿಸಿದವಳು ನಾನು.” ಕೆಳಗೆ ಸಹಿ ಹಾಕಿ, ಗೋಡೆಯ ಗಡಿಯಾರ ನೋಡಿ ಹೊತ್ತನ್ನೂ ಬರೆದೆ.