ಸಹಿಗೆ ಮೊದಲು ರಂಗಲಕ್ಷ್ಮಮ್ಮ

ಸೋಮವಾರ ಬೆಳಗಿನ ಆರೂಕಾಲು. ತುಮಕೂರಿನ ಶೆಟ್ಟಿಹಳ್ಳಿಯ ಮನೆ ಜಗಲಿಯಲ್ಲಿ ರಂಗಲಕ್ಷ್ಮಮ್ಮ ಪೆನ್ಸಿಲ್ ಹಿಡಿದು ಮೂವತ್ತೆರಡು ಪುಟದ ಕರಾರು ಪತ್ರವನ್ನು ಕೊನೆಯ ಪುಟದಿಂದ ಓದುತ್ತಿದ್ದಾರೆ. ಎದುರಿಗೆ ಗುಬ್ಬಿಯ ಕನಕರಾಜು, ಶಾಂತಲಾ ದಂಪತಿ. ತಮ್ಮ ಚುರುಮುರಿ ಅಂಗಡಿಯನ್ನು ದಿಲ್ಲಿ ಕಂಪನಿಯೊಂದರ ಫ್ರಾಂಚೈಸಿ ಮಾಡಲು ಹೊರಟವರು. ಕಂಪನಿಯ ಏಜೆಂಟ್ ಪೇಟೆಯ ಹೋಟೆಲಿನಲ್ಲಿ ಕಾಯುತ್ತಿದ್ದಾನೆ. ಏಳೂವರೆಗೆ ರಾಹುಕಾಲ, ಅಷ್ಟರೊಳಗೆ ಸಹಿಯಾಗಲಿ ಎಂಬ ಕಾಳಜಿ ಅವನದು. ಅತಿ ವಿನಯಂ ಧೂರ್ತ ಲಕ್ಷಣಂ!

“ದಿಲ್ಲಿಯೋರ್ಗೆ ನಮ್ಮ ರಾಹುಕಾಲದ ಚಿಂತೆ ಯಾಕಪ್ಪ?” ರಂಗಲಕ್ಷ್ಮಮ್ಮ ತಲೆ ಎತ್ತುವುದಿಲ್ಲ. “ಒಳ್ಳೆ ಗಳಿಗೆ ಅಂದ್ರೆ ನಮ್ಮ ಜನ ಓದಲ್ಲ. ಅದು ಅವ್ರಿಗೆ ಗೊತ್ತಾಗೈತೆ.”

ಐವತ್ತೇಳರ ಈಕೆ ಬೆಳ್ಳಾವಿಯ ರೈತರ ಮನೆ ಮಗಳು. ಮೂವತ್ತೊಂದು ವರ್ಷದಿಂದ ಕೋರ್ಟಿನ ಮುಂದೆ ಟೈಪಿಂಗ್ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಅಫಿಡವಿಟ್. ಕರಾರು ಓದಿ ಹೇಳುವುದು ಮಾತ್ರ ಬಿಟ್ಟಿ. ಬಿಟ್ಟಿ ಅಂದಮೇಲೆ ಪತ್ರಿಕೆಗೆ ಬರೆಯಲು ಬಂದ ನನಗೂ ಅನುಮಾನ ಬಂತು. ಅವರಿಗೆ ನನ್ನ ಮೇಲೆ ಅದಕ್ಕಿಂತ ಹೆಚ್ಚು. ನನ್ನ ನೋಟ್‌ಬುಕ್‌ನಲ್ಲಿ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿಸಿಕೊಂಡ ಮೇಲೆಯೇ ಹಳೆಯ ಕಥೆ ಹೇಳಿದರು.

ಹನ್ನೆರಡು ವರ್ಷದ ಹಿಂದೆ ಕುಣಿಗಲ್‌ನಲ್ಲಿ ತಂಗಿಯ ಜತೆ ಐಸ್‌ಕ್ರೀಮ್ ಪಾರ್ಲರಿನ ಫ್ರಾಂಚೈಸಿ ಹಿಡಿದಿದ್ದರು. ವರ್ಷ ತುಂಬುವಷ್ಟರಲ್ಲಿ ಅದೇ ಕಂಪನಿ ಅದೇ ಬೀದಿಯಲ್ಲಿ ಇನ್ನೊಬ್ಬರಿಗೂ ಅಂಗಡಿ ಕೊಟ್ಟಿತು. ದಾವೆ ಹೂಡಲು ಹೋದರೆ ವಕೀಲರು ಕರಾರಿನ ಕೊನೆಯ ಪುಟ ತೋರಿಸಿದರು. ತಕರಾರು ಏನಿದ್ದರೂ ಕಂಪನಿಯ ಊರಲ್ಲಿ, ಕಂಪನಿ ನೇಮಿಸಿದ ಪಂಚರ ಮುಂದೆ. “ಊರೋರ ದಾವೆ ಎಲ್ಲಾ ಟೈಪ್ ಮಾಡೋಳು ನಾನು. ನನ್ನ ದಾವೆ ಹಾಕೋ ಹಕ್ಕನ್ನ ಓದ್ದಂಗೆ ನಾನೇ ಬರ್ಕೊಟ್ಟಿದ್ದೆ. ಒಳ್ಳೆ ಮುಹೂರ್ತ ಅಂತ.”

ಪೆನ್ಸಿಲ್ ಈಗ ಇಪ್ಪತ್ತೊಂಬತ್ತನೇ ಪುಟದಲ್ಲಿ ನಿಲ್ಲುತ್ತದೆ.

“ಶಾಂತಲಾ, ಚುರುಮುರಿಗೆ ಹಾಕೋ ಪುಡಿ ಯಾರದಮ್ಮ?”

“ನಂದೇ ಅಮ್ಮ. ನಮ್ಮಜ್ಜಿ ಹೇಳ್ಕೊಟ್ಟಿದ್ದು.”

“ಸೈನ್ ಹಾಕಿದ್ರೆ ಕಂಪನೀದು. ಅವ್ರನ್ನ ಬುಟ್ಟು ಬಂದ್ಮೇಲೂ ಮೂರು ವರ್ಷ ಗುಬ್ಬೀಲಿ ನೀವು ಚುರುಮುರಿ ಮಾರಂಗಿಲ್ಲ. ಜಗಳ ಆದ್ರೆ ದಿಲ್ಲಿಗೇ ಹೋಗ್ಬೇಕು.”

ಕನಕರಾಜು ಮುಂದಕ್ಕೆ ಬಾಗುತ್ತಾರೆ. “ಬೋರ್ಡು, ಫ್ರಿಜ್ಜು ಎಲ್ಲಾ ಅವ್ರೇ ಕೊಡ್ತಾರಂತೆ ಅಮ್ಮ. ಎಲ್ರೂ ಹಾಕೋ ಸೈನೇ ಅಂದ್ರು.”

“ನಾನು ಲಾಯರ್ ಅಲ್ಲ, ಹಾಕ್ಬೇಡ ಅನ್ನಲ್ಲ. ಈ ಮೂರು ತೆಗೀತಾರಾ ಕೇಳು. ಫೋನ್ ಮಾಡಿ ಸ್ಪೀಕರ್ ಹಾಕು.”

ಏಜೆಂಟನ ದನಿ ನಯವಾಗಿದೆ. “ಅದೆಲ್ಲ ಫಾರ್ಮಾಲಿಟಿ ಸರ್. ಯಾರ ಮೇಲೂ ಉಪಯೋಗಿಸಲ್ಲ.”

“ಉಪಯೋಗಿಸದೆ ಇರೋದಕ್ಕೆ ಗೀಟು ಹೊಡೆಯಕ್ಕೆ ಏನಪ್ಪ ಕಷ್ಟ?” ಎಂದು ಕೇಳುತ್ತಾರೆ ರಂಗಲಕ್ಷ್ಮಮ್ಮ.

“ಕಂಪನಿ ಒಪ್ಪಲ್ಲ ಮೇಡಂ. ಟೈಮ್ ಆಯ್ತು, ಬೇಗ ಕಳಿಸಿ.”

ಕನಕರಾಜು ಫೋನ್ ಹಿಡಿದೇ ಹೆಂಡತಿಯ ಮುಖ ನೋಡುತ್ತಾರೆ. ಶಾಂತಲಾ ಕರಾರನ್ನು ಮಡಚಿ ಚೀಲಕ್ಕೆ ತುರುಕುತ್ತಾರೆ. “ಪುಡಿ ಕೊಟ್ಟು ಬೋರ್ಡ್ ತಗೊಳ್ಳೋದು ಬ್ಯಾಡ ಕಣ್ರೀ. ನಡೀರಿ, ಅಂಗಡಿ ತೆಗೀಬೇಕು.”

ಇಬ್ಬರೂ ಗುಬ್ಬಿ ಬಸ್ಸಿಗೆ ಹೊರಟ ಮೇಲೆ, ನಿಮ್ಮ ಆಸೆ ಏನಮ್ಮ ಎಂದು ಕೇಳುತ್ತೇನೆ. ರಂಗಲಕ್ಷ್ಮಮ್ಮ ಪೆನ್ಸಿಲ್ ಕೆತ್ತತೊಡಗುತ್ತಾರೆ.

“ಆಸೆ ಏನಿಲ್ಲ ಸಾರ್. ನನ್ನತ್ರ ಬರೋರೆಲ್ಲ ಸೈನ್ ಹಾಕಿ, ಅಳ್ತಾ ಬರೋರೇ. ಇವತ್ತು ಇಬ್ರು ಮುಂಚೇನೇ ಬಂದ್ರಲ್ಲ.”