ತೀರ್ಥಮಲೆಯಲ್ಲಿ ನಾನು ಎತ್ತಿದ ಪೊಟ್ಟಣ

ಬೇಸಿಗೆ ರಜೆ ಎಂದರೆ ನೆಂಟರ ಮನೆಗೆ ಹೋಗಿ ಎರಡು ತಿಂಗಳು ಕೂರುವುದು ಎಂದೇ ಎಲ್ಲರೂ ತಿಳಿದಿದ್ದ ದಿನಗಳು ಅವು. ಹೋಟೆಲು, ಬುಕಿಂಗು ಒಂದೂ ಗೊತ್ತಿರಲಿಲ್ಲ. ಬೆಟ್ಟದ ಮೇಲಿನ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿದ್ದ ನಾನು ಮಾತ್ರ ಉಳಿದ ಹುಡುಗಿಯರ ಮುಂದೆ ಕಡಿಮೆಯಾಗಬಾರದೆಂದು ‘ವೀ ಹ್ಯಾವ್ ಎ ಹಾಲಿಡೇ ಹೋಮ್ ಇನ್ ಮೆಟ್ಟೂರ್’ ಎಂದು ಹೇಳಿಕೊಳ್ಳುತ್ತಿದ್ದೆ. ಅದು ನಮ್ಮ ಅತ್ತೆಯ ಮನೆ. ಎರಡು ಕೋಣೆ, ಹೆಂಚಿನ ಮಾಡು, ಅಂಗಳದಲ್ಲಿ ಒಂದು ಬೇವಿನ ಮರ, ಬಚ್ಚಲ ನೀರು ಹರಿಯುವ ಕಡೆ ದೊಡ್ಡ ಮಲ್ಲಿಗೆ ಬಳ್ಳಿ. ಅಣೆಕಟ್ಟಿನ ನೀರು ಬಿಟ್ಟ ದಿನ ಆ ಸದ್ದು ಮನೆಯೊಳಗೂ ಕೇಳುತ್ತಿತ್ತು.

ಅತ್ತೆ ಅಂದರೆ ಅಪ್ಪನ ಅಕ್ಕ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಪ್ಪನನ್ನು ಸಾಕಿ, ಓದಿಸಿ, ಮದ್ರಾಸಿನ ರೈಲ್ವೆ ಕೆಲಸದವರೆಗೆ ತಂದವಳು ಅವಳೇ. ಮಾವ ಡ್ಯಾಮಿನ ಕಡೆ ಸಣ್ಣಪುಟ್ಟ ಕಂಟ್ರಾಕ್ಟ್ ಹಿಡಿಯುತ್ತಿದ್ದರು. ಅವರ ಹತ್ತಿರ ಒಂದು ಹಳೆಯ ಜೀಪು ಇತ್ತು, ಮಕ್ಕಳಿರಲಿಲ್ಲ.

ನನಗೆ ಹತ್ತು ವರ್ಷವಾದ ಬೇಸಿಗೆ ಅದು. ನನ್ನ ತಂಗಿ ಸರೋಜಳಿಗೆ ನಾಲ್ಕು ತುಂಬಿತ್ತು. ಅಮ್ಮ ಆರು ತಿಂಗಳ ಬಸುರಿ. ಅಪ್ಪ ನಮ್ಮನ್ನು ಬಿಟ್ಟು, ಎರಡು ದಿನ ಇದ್ದು, ಡ್ಯೂಟಿಗೆ ವಾಪಸು ಹೋದರು. ಅವರು ಹೋದ ಮಾರನೆಯ ದಿನವೇ, ಅಡುಗೆಮನೆಯಲ್ಲಿ ರಾಗಿ ಕೇರುತ್ತಾ, ಅತ್ತೆ ಅಮ್ಮನನ್ನು ಕೇಳಿದಳು. ನಾನು ಬಾಗಿಲ ಹತ್ತಿರ ಕಾಮಿಕ್ ಓದುತ್ತಿದ್ದೆ. ನನಗೆ ಕೇಳಿಸಬಾರದು ಎಂದೇನೂ ಅವಳಿಗೆ ಇದ್ದಂತಿಲ್ಲ.

“ಒಟ್ಟೇಲಿ ಒಂದೈತೆ, ಕಾನ್ವೆಂಟ್ನಾಗೆ ಒಂದೈತೆ. ಚಿಕ್ಕೋಳ್ನ ನಂಗೆ ಬುಟ್ಬುಡು.”

ಗಂಡನನ್ನು ಸಾಕಿದವಳಿಗೆ ಇಲ್ಲ ಎನ್ನುವ ಬಾಯಿ ಅಮ್ಮನಿಗೆ ಇರಲಿಲ್ಲ, ಹೂಂ ಎನ್ನುವ ಮನಸ್ಸೂ ಇರಲಿಲ್ಲ. ಕೊನೆಗೆ, “ಸ್ವಾಮಿ ಏನೇಳುತ್ತೋ ಅಂಗೇ ಆಗ್ಲಿ, ಅತ್ತಿಗೆ,” ಎಂದಳು.

ಸ್ವಾಮಿಯನ್ನು ಕೇಳುವುದಕ್ಕೆ ನಮ್ಮ ಕಡೆ ಒಂದು ಕ್ರಮ ಇತ್ತು. ಮದುವೆ, ಜಮೀನು, ಕುರಿ ಮಾರಾಟ ಏನೇ ಇರಲಿ, ಮನಸ್ಸು ಎರಡಾದರೆ ಹೂ ಕೇಳುತ್ತಿದ್ದರು. ಒಂದು ಬಿಳಿ ಹೂ, ಒಂದು ಕೆಂಪು ಹೂ. ಎರಡನ್ನೂ ಬೇರೆ ಬೇರೆ ಬಾಳೆಲೆ ತುಂಡಿನಲ್ಲಿ ಮಡಿಸಿ, ನಾರಿನಿಂದ ಕಟ್ಟಿ, ದೇವರ ಮುಂದೆ ಇಡುವುದು. ಪೂಜೆ ಮುಗಿದ ಮೇಲೆ ಏನೂ ಅರಿಯದ ಒಂದು ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಬಿಳಿ ಬಂದರೆ ಆಗಬಹುದು, ಕೆಂಪು ಬಂದರೆ ಬೇಡ. ಮನೆಯಲ್ಲಿದ್ದ ಮಕ್ಕಳು ನಾವಿಬ್ಬರೇ. ಮಾತು ಸರೋಜಳದ್ದೇ ಆದ್ದರಿಂದ ಅವಳ ಕೈಯಲ್ಲಿ ಎತ್ತಿಸುವಂತಿರಲಿಲ್ಲ. ಉಳಿದವಳು ನಾನು.

ಹಾಗೆ ಆ ವರ್ಷದ ಡೇ ಟ್ರಿಪ್‌ಗಳು ಶುರುವಾದವು.

ಮೊದಲು ಹೋಗಿದ್ದು ತಾರಮಂಗಲಕ್ಕೆ. ಬಸುರಿಗೆ ಜೀಪಿನ ಕುಲುಕಾಟ ಒಳ್ಳೆಯದಲ್ಲವೆಂದು ಅಮ್ಮ ಮನೆಯಲ್ಲೇ ಉಳಿದಳು, ಪುಳಿಯೋಗರೆ ಕಟ್ಟಿಕೊಟ್ಟಳು. ತಾರಮಂಗಲದ ಗುಡಿಯಲ್ಲಿ ಕಲ್ಲಿನ ಸಿಂಹವೊಂದಿದೆ, ಅದರ ಬಾಯೊಳಗೆ ಕಲ್ಲಿನ ಗುಂಡು. ಬೆರಳು ಹಾಕಿ ಉರುಳಿಸಬಹುದು, ಹೊರಗೆ ತೆಗೆಯುವುದಕ್ಕೆ ಬರುವುದಿಲ್ಲ. ನಾನು ಎಷ್ಟೋ ಹೊತ್ತು ಅದನ್ನೇ ಉರುಳಿಸುತ್ತಾ ನಿಂತಿದ್ದೆ. “ಮುಂದಿನ್ಸಲ ನಿಮ್ ಮದರ್ ಸುಪೀರಿಯರ್‌ನ ಕರ್ಕೊಂಡ್ಬಾ, ಅವ್ರಾನ ತೆಗೀತಾರಾ ನೋಡಾನ,” ಎಂದರು ಮಾವ. ಕಂಬಗಳ ನೆರಳು, ಎಣ್ಣೆ ಬತ್ತಿಯ ವಾಸನೆ, ತಣ್ಣಗಿನ ಕಲ್ಲಿನ ನೆಲ ಎಲ್ಲ ನೆನಪಿದೆ. ಪೂಜಾರಿ ಎರಡು ಪೊಟ್ಟಣ ತಂದು ನನ್ನ ಮುಂದೆ ಇಟ್ಟರು. ನಾನು ಹತ್ತಿರ ಇದ್ದದ್ದನ್ನು ಎತ್ತಿದೆ. ಕೆಂಪು ದಾಸವಾಳ.

ಜೀಪು ಹತ್ತಿದ ಮೇಲೆ ಅತ್ತೆ ಮಾವನಿಗೆ ಹೇಳಿದಳು: “ಇಲ್ಲೀ ಸ್ವಾಮಿಗೆ ನಮ್ ಸುದ್ದಿ ಗೊತ್ತಿಲ್ಲ. ಮೇಚೇರಿ ಅಮ್ಮನ್ನ ಕೇಳಾನ. ಎಂಗ್ಸಿನ ಸಂಕಟ ಎಂಗ್ಸಿಗೇ ಗೊತ್ತು.”

ಮಾವ ಗೇರ್ ಹಾಕುತ್ತಾ, “ಆಗ್ಲಿ. ಸ್ವಾಮಿಗ್ಳು ನಮ್ಗೇನ್ ಕಮ್ಮಿ?” ಎಂದರು.

ಮೇಚೇರಿಗೆ ಹೋದದ್ದು ಕುರಿ ಸಂತೆಯ ದಿನ. ದಾರಿಯುದ್ದಕ್ಕೂ ಕುರಿಗಳು, ಧೂಳು, ಹಿಕ್ಕೆಯ ವಾಸನೆ. ನಮ್ಮವರೇ ಸುಮಾರು ಜನ, ಕನ್ನಡದಲ್ಲಿ ಬೈದು ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಭದ್ರಕಾಳಿಯ ಮುಂದೆ ಪೊಟ್ಟಣ ಇಟ್ಟಾಗ ನಾನು ಬಗ್ಗಿದೆ. ಬಗ್ಗಿದೊಡನೆ ಗೊತ್ತಾಯಿತು, ಎಡಗಡೆಯದ್ದು ಮಲ್ಲಿಗೆ. ಎಲೆಯ ಮಡಿಕೆಯಿಂದ ವಾಸನೆ ಬರುತ್ತಿತ್ತು. ಬೇರೆಯವರು ಇದಕ್ಕೆ ವಾಸನೆ ಇಲ್ಲದ ನಂದಿಬಟ್ಟಲು ಇಡುತ್ತಾರಂತೆ. ಅತ್ತೆಯ ಹಿತ್ತಿಲಲ್ಲಿ ಇದ್ದ ಬಿಳಿ ಹೂ ಮಲ್ಲಿಗೆಯೊಂದೇ. ದಿನಾ ಮಲ್ಲಿಗೆ ಮುಡಿಯುತ್ತಿದ್ದ ಅವಳ ಮೂಗಿಗೆ ಅದರ ವಾಸನೆ ಲೆಕ್ಕಕ್ಕೇ ಇರಲಿಲ್ಲವೇನೋ. ನಮ್ಮ ಕಾನ್ವೆಂಟಿನಲ್ಲಿ ಹೂ ಮುಡಿಯುವುದು ಸ್ಟ್ರಿಕ್ಟ್ಲಿ ನಾಟ್ ಅಲೌಡ್. ಹತ್ತು ತಿಂಗಳು ಹೂವಿಲ್ಲದೆ ಇದ್ದವಳಿಗೆ ಬಗ್ಗಿದರೆ ಸಾಕು, ತಿಳಿಯುತ್ತಿತ್ತು.

ನಾನು ಬಲಗಡೆಯದ್ದನ್ನು ಎತ್ತಿದೆ. ಗೊತ್ತಿದ್ದೇ ಎತ್ತಿದೆ. ಅಮ್ಮನಿಗೆ ಕೆಂಪೇ ಬೇಕಿತ್ತು ಎಂಬುದು ನನಗೆ ತಿಳಿದಿತ್ತು.

ಸಂಜೆ ಗೇಟಿನ ಹತ್ತಿರ ನಿಂತಿದ್ದ ಅಮ್ಮ ಅತ್ತೆಯ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ಮೊಸರಿನ ಕೆನೆಯನ್ನೆಲ್ಲ ಹಾಕಿದಳು. ಎರಡು ಸಲ ಕೆಂಪು ಬಂದ ಮೇಲೆ ಮಾತು ಮುಗಿಯಿತೆಂದು ಅವಳೂ ನಾನೂ ತಿಳಿದುಕೊಂಡೆವು.

ಮಾತು ಮುಗಿದಿರಲಿಲ್ಲ. ನಾಲ್ಕು ದಿನ ಬಿಟ್ಟು, ಬೆಳಗಿನ ಜಾವಕ್ಕೇ ಎಬ್ಬಿಸಿ ತೀರ್ಥಮಲೆಗೆ ಹೊರಡಿಸಿದರು. ಪೆನ್ನಾಗರಂ ದಾಟಿ, ಧರ್ಮಪುರಿ ದಾಟಿ, ದೂರದ ದಾರಿ. ನಡುವೆ ಅದಿಯಮಾನ್ ಕೋಟೆಯಲ್ಲಿ ಮಾವ ಜೀಪು ನಿಲ್ಲಿಸಿ ಇಳಿಸಿದರು. ಹಿಸ್ಟರಿ ಎಂದರೆ ಅವರಿಗೆ ಪ್ರಾಣ. ನಾನು ಸುತ್ತ ನೋಡಿ ಕೋಟೆ ಎಲ್ಲಿ ಎಂದು ಕೇಳಿದೆ. “ನಿನ್ ಕಾಲ್ ಕೆಳ್ಗೈತೆ,” ಎಂದರು. ಬರೀ ದಿಬ್ಬ, ಮುಳ್ಳುಗಿಡ. ಅಲ್ಲಿಂದ ಮುಂದೆ ಹೋಗುವಾಗ ಸರೋಜ ನನ್ನ ಫ್ರಾಕಿನ ಮೇಲೆ ವಾಂತಿ ಮಾಡಿಕೊಂಡಳು. ಮಾವ ಹೂಜಿಯ ನೀರಿನಿಂದ ಇಬ್ಬರನ್ನೂ ತೊಳೆದರು. ಒದ್ದೆ ಫ್ರಾಕಿನಲ್ಲಿ, ಆ ಹುಳಿ ವಾಸನೆಯಲ್ಲಿ ನಾನು ಉಳಿದ ದಾರಿ ಕೂತೆ. ಅವಳು ಬಾಯಿ ತೆರೆದುಕೊಂಡು ನಿದ್ದೆ ಮಾಡಿದಳು.

ತೀರ್ಥಮಲೆಯಲ್ಲಿ ಮೆಟ್ಟಿಲು ಬಹಳ. ಮಾವ ಸರೋಜಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನಡೆದರು. ಅತ್ತೆ ಬರಿಗಾಲಿನಲ್ಲಿ ಹತ್ತುತ್ತಿದ್ದಳು. ನನಗೆ ಕಾನ್ವೆಂಟಿನ ಕರೀ ಶೂ. ಆ ವರ್ಷ ಅದು ಬಿಗಿಯಾಗಿತ್ತು. ಅರ್ಧ ದಾರಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅತ್ತೆ ಒಂದು ಮೆಟ್ಟಿಲ ಮೇಲೆ ಕೂತು ನನ್ನನ್ನೂ ಕೂರಿಸಿಕೊಂಡಳು. ಸ್ವಲ್ಪ ಹೊತ್ತು ಏದುಸಿರು ಬಿಟ್ಟು, ನನ್ನ ಕಡೆ ನೋಡದೆ ಹೇಳಿದಳು:

“ನಲ್ವತ್ತಾಯ್ತು ಕಣ್ಣೂ ನಂಗೆ. ಯಾರಾನ ಒಬ್ರು ಅಮ್ಮಾ ಅಂತ ಕರೀಲಿ ಅಂತ. ಅಷ್ಟೆ.”

ಆಮೇಲೆ ಎದ್ದು ಸೆರಗು ಕೊಡವಿಕೊಂಡು, ಇಲ್ಲೂ ಕೆಂಪು ಬಂದರೆ ನಾಳಿದ್ದೇ ಪಾಲಮಲೆಗೆ ಹೋಗೋಣ, ಅಲ್ಲಿಯ ಸಿದ್ಧೇಶ್ವರ ನಮ್ಮ ಕುಲದವರ ಮಾತು ಮೀರುವುದಿಲ್ಲ ಎಂದಳು. ಪಾಲಮಲೆ ನನಗೆ ಗೊತ್ತಿತ್ತು. ಅಲ್ಲಿಗೆ ಜೀಪು ಹೋಗುವುದಿಲ್ಲ, ಕಾಡಿನಲ್ಲಿ ಇಡೀ ಬೆಳಗು ನಡೆದು ಹತ್ತಬೇಕು.

ಮೇಲೆ ಬಂಡೆಯಿಂದ ತೀರ್ಥ ಬೀಳುತ್ತಿತ್ತು. ಎಲ್ಲರೂ ತಲೆ ಒಡ್ಡಿದೆವು. ತಣ್ಣೀರು ಬೊಬ್ಬೆಗೆ ತಾಗಿ ಉರಿಯಿತು. ಗುಡಿಯಲ್ಲಿ ಪೊಟ್ಟಣ ಇಟ್ಟರು. ಮಲ್ಲಿಗೆ ಈ ಸಲ ಬಲಗಡೆ ಇತ್ತು. ನಾನು ಅದನ್ನು ಎತ್ತಿದೆ.

ಅತ್ತೆ ಹೇಳಿದ ಮಾತು ಕೇಳಿ ಮನಸ್ಸು ಕರಗಿ ಎತ್ತಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಅದಲ್ಲ. ನನಗೆ ಇನ್ನೊಂದು ಬೆಟ್ಟ ಹತ್ತುವುದು ಬೇಡವಾಗಿತ್ತು. ನನಗೆ ಸಾಕಾಗಿತ್ತು, ದಟ್ಸ್ ಆಲ್. ಮತ್ತೆ, ಯಾರನ್ನಾದರೂ ಎಲ್ಲಾದರೂ ಬಿಟ್ಟು ಬರುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತಿರಲಿಲ್ಲ. ಆರನೇ ವರ್ಷದಿಂದ ನನ್ನನ್ನು ಪ್ರತಿ ಜೂನ್‌ನಲ್ಲಿ ಬಿಟ್ಟು ಬರುತ್ತಿದ್ದರು. ರಜೆ ಬಂದಾಗ ಕರೆದುಕೊಂಡು ಹೋಗುತ್ತಿದ್ದರು. ಬಿಡುವುದು ಅಂದರೆ ಅಷ್ಟೇ ಎಂದು ನಾನು ತಿಳಿದಿದ್ದೆ.

ಅತ್ತೆ ಪೊಟ್ಟಣ ಬಿಚ್ಚಿ ನೋಡಿ, ಹೂವನ್ನು ಕಣ್ಣಿಗೆ ಒತ್ತಿಕೊಂಡು, ಅಲ್ಲೇ ಕೂತುಬಿಟ್ಟಳು. ಮಾವ ಆ ಕಡೆ ತಿರುಗಿ ಬೆಟ್ಟ ನೋಡಿದರು. ಸರೋಜ ಪುರಿ ಬೇಕೆಂದು ಅತ್ತಳು, ಕೊಡಿಸಿದರು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಮ್ಮ ಗೇಟಿನ ಹತ್ತಿರವೇ ಇದ್ದಳು. ಈ ಸಲ ಅವಳು ಅತ್ತೆಯ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು “ವೈಟ್” ಎಂದೆ. ಅವಳಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. “ಸೆರಿ,” ಎಂದು ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಅಪ್ಪನಿಗೆ ಕಾಗದ ಹೋಯಿತು. ಅಪ್ಪ ಎದುರಾಡಲಿಲ್ಲ. ಜೂನ್ ಮೊದಲ ವಾರ ನಾನೂ ಅಮ್ಮನೂ ಸೇಲಂ ಬಸ್ಸು ಹತ್ತಿದೆವು. ಸರೋಜ ಅತ್ತೆಯ ಸೆರಗು ಹಿಡಿದು ನಿಂತಿದ್ದಳು, ಅಳಲಿಲ್ಲ. ಅಮ್ಮನೂ ಅಳಲಿಲ್ಲ. ಬರುವಾಗ ಇಕ್ಕಟ್ಟಾಗಿದ್ದ ಸೀಟಿನಲ್ಲಿ ನಾನು ಕಾಲು ಚಾಚಿಕೊಂಡು ಕೂತೆ. ಆಗಸ್ಟಿನಲ್ಲಿ ತಮ್ಮ ಹುಟ್ಟಿದ.

ಎರಡು ವರ್ಷ ಬರಬೇಡಿ, ಮಗುವಿನ ಮನಸ್ಸು ಒಗ್ಗಲಿ ಎಂದು ಅತ್ತೆ ಹೇಳಿ ಕಳಿಸಿದಳು. ಮೂರನೇ ವರ್ಷ ಹೋದಾಗ ಸರೋಜ ತಮಿಳು ಸ್ಕೂಲಿಗೆ ಸೇರಿದ್ದಳು. ಅತ್ತೆಯನ್ನು ಅಮ್ಮ ಎನ್ನುತ್ತಿದ್ದಳು. ಈಗ ಅಪ್ಪ ಅವಳಿಗೆ ಸೋದರಮಾವ, ಆದ್ದರಿಂದ ನಮ್ಮ ಅಮ್ಮನನ್ನು ಅತ್ತೆ ಎಂದಳು. ಅಮ್ಮ ಹಾಗೆ ಕರೆದಾಗಲೆಲ್ಲ ‘ಏನವ್ವ’ ಎಂದು ಓಗೊಡುತ್ತಿದ್ದಳು. ಮೂರನೇ ಸಲ ಹೇಗೆ ಬಿಳಿ ಬಂತು ಎಂದು ಅವಳು ಸಾಯುವವರೆಗೂ ನನ್ನನ್ನು ಕೇಳಲಿಲ್ಲ.

ನಾನು ಮದುವೆಯಾಗಿ ಮೈಸೂರಿಗೆ ಬಂದೆ. ಕನ್ನಡ ಓದಿ ಬರೆಯಲು ಕಲಿತದ್ದೇ ಇಲ್ಲಿ. ಸರೋಜಳನ್ನು ಎಡಪ್ಪಾಡಿಗೆ ಕೊಟ್ಟರು. ಮನೆಯಲ್ಲಿ ಮಗ್ಗಗಳು, ಗಂಡ ಒಳ್ಳೆಯವರು, ಈಗ ಮೊಮ್ಮಕ್ಕಳು. ಅವಳ ಬದುಕಿಗೆ ಏನೂ ಕಡಿಮೆಯಾಗಲಿಲ್ಲ. ನನಗೂ ಆಗಲಿಲ್ಲ. ಮದುವೆ, ಸಾವು ಎಂದು ವರ್ಷಕ್ಕೊಮ್ಮೆ ಸಿಗುತ್ತಿದ್ದೆವು, ಸೀರೆ ಕೊಟ್ಟು ತೆಗೆದುಕೊಳ್ಳುತ್ತಿದ್ದೆವು.

ಹೋದ ತಿಂಗಳು ಎಡಪ್ಪಾಡಿಗೆ ಹೋಗಿದ್ದಾಗ ಮಲ್ಲಿಗೆಯ ವಿಷಯ ಅವಳಿಗೆ ಹೇಳಿಬಿಟ್ಟೆ. ಇನ್ನು ಎಷ್ಟು ಸಲ ಬರುತ್ತೇನೋ ಗೊತ್ತಿಲ್ಲ ಎಂದು. ಬೊಬ್ಬೆ, ಪಾಲಮಲೆ ಎಲ್ಲ ಹೇಳಿದೆ. ಅವಳು ಕೇಳಿ ಸ್ವಲ್ಪ ನಕ್ಕಳು. ತಮಿಳು ಬೆರೆಸಿದ ತನ್ನ ಕನ್ನಡದಲ್ಲಿ, “ಅದ್ಕೇನಕ್ಕಾ, ಅಮ್ಮ ನನ್ನ ನಲ್ಲಾ, ಚೆಂದಾಗಿ ನೋಡ್ಕಂಡ್ಳು,” ಎಂದಳು. ಆಮೇಲೆ ಕಾಫಿ ಲೋಟ ಕೆಳಗಿಟ್ಟು ಕೇಳಿದಳು:

“ಅದ್ಕೂ ಮುಂಚೆ ನಾನ್ ಎಂಗಿದ್ದೆ ಅಕ್ಕಾ? ಅವ್ರ್ಯಾರೂ ಈಗಿಲ್ಲ. ತಮ್ಮ ಆಮೇಲೆ ಉಟ್ದೋನು. ನಿಂಗೊಬ್ಳಿಗೇ ಗೊತ್ತು.”

ನಾನು ಯೋಚಿಸಿದೆ. ವಾಂತಿ ಮಾಡಿದ್ದು, ಬಾಯಿ ತೆರೆದು ಮಲಗಿದ್ದು, ಪುರಿಗೆ ಅತ್ತದ್ದು. ಮೇಲೆ ಬರೆದಿದ್ದೇನಲ್ಲ, ಅಷ್ಟೇ ನನ್ನ ಹತ್ತಿರ ಇರುವುದು. ಯಾವ ಹಾಡು ಹೇಳುತ್ತಿದ್ದಳು, ಏನು ಕಂಡರೆ ಹೆದರುತ್ತಿದ್ದಳು, ನನ್ನನ್ನು ಏನೆಂದು ಕರೆಯುತ್ತಿದ್ದಳು ಒಂದೂ ಗೊತ್ತಿಲ್ಲ. ನಾಲ್ಕು ವರ್ಷ ಒಬ್ಬಳು ತಂಗಿ ಇದ್ದಳು, ನಾನು ನೋಡಿರಲೇ ಇಲ್ಲ.

ಅವಳು ಕಾಯುತ್ತಿದ್ದಳು. ನಾನು ಅವಳಿಗೆ ತಾರಮಂಗಲದ ಕಂಬಗಳು ಹೇಗಿದ್ದವು ಎಂದು ಹೇಳತೊಡಗಿದೆ. ಅವಳು ಕೊನೆಯವರೆಗೂ ಕೇಳಿದಳು.