ನಡುಗಂಬದ ಬುಡದಲ್ಲಿ ನೆಲವಿರಲಿಲ್ಲ

2019ರಲ್ಲಿ ನಾನು ಚಿಕ್ಕೋಡಿಯಲ್ಲಿ ರಸ್ತೆ, ಸೇತುವೆಗಳ ಉಸ್ತುವಾರಿ ಹೊತ್ತ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿದ್ದೆ. ಆ ವರ್ಷದ ಮಹಾಪೂರದಲ್ಲಿ ದೂಧಗಂಗಾ ದಂಡೆಯ ಸಣ್ಣ ಪಟ್ಟಣವೊಂದರ ಹಳೆಯ ಕಲ್ಲಿನ ಸೇತುವೆ ಪೂರ್ತಿ ಮುಳುಗಿತು. ನೀರು ಇಳಿದಾಗ ಬ್ರಿಟಿಷರ ಕಾಲದ ಕಮಾನುಗಳು ತೊಳೆದಿಟ್ಟಂತೆ ನಿಂತಿದ್ದವು. ಊರವರು ತೆಂಗಿನಕಾಯಿ ಒಡೆದು ಕೈಮುಗಿದರು.

ನನ್ನ ಚಿಂತೆ ಇದ್ದದ್ದು ಕೆಳಗೆ. ರಭಸದ ನೀರು ಕಂಬದ ಬುಡದ ಮಣ್ಣನ್ನು ಕೊರೆದು ಒಯ್ಯುತ್ತದೆ. ಅದನ್ನು ನಾವು ಸ್ಕೌರ್ ಎನ್ನುತ್ತೇವೆ. ದೋಣಿಯಲ್ಲಿ ಹೋಗಿ ಒಂದೊಂದೇ ಕಂಬದ ಬುಡವನ್ನು ಬಿದಿರಿನ ಗಳದಿಂದ ತಡಕಿದೆ. ನಡುವಿನ ಕಂಬದ ಒಂದು ಮಗ್ಗುಲಿಗೆ ನೆಲವೇ ಇರಲಿಲ್ಲ. ಅಂದೇ ವಾಹನಗಳನ್ನು ನಿಲ್ಲಿಸಿ, ನಡೆದು ಹೋಗುವವರಿಗಷ್ಟೇ ದಾರಿ ಬಿಟ್ಟೆ.

ಕಬ್ಬಿನ ಹಂಗಾಮು ಶುರುವಾಯಿತು. ಕಾರ್ಖಾನೆಗೆ ಬೇರೆ ದಾರಿಯಿತ್ತು, ಆದರೆ ಬಹಳ ಸುತ್ತು. ಒಂದು ಬೆಳಿಗ್ಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಸೇತುವೆಗೆ ಬಂದವು. ಮುಂದಿನದರ ಮೇಲೆ ಕೂತಿದ್ದವರು ಊರಿನ ಹಿರಿಯ ರೈತ ಅಪ್ಪಾಸಾಹೇಬ ಮಗದುಮ್.

“ಇಷ್ಟ ದೊಡ್ಡ ಮಹಾಪೂರ ಬಂದ್ರೂ ಈ ಬ್ರಿಜ್ಜಿಂದು ಒಂದ ಕಲ್ಲ ಅಲುಗಿಲ್ರಿ ಮೇಡಮ್. ನೀವು ಬೋರ್ಡ್ ಹಚ್ಚಿ ಬಂದ್ ಮಾಡಿದ್ರ ಹೆಂಗ? ದಾರಿ ಬಿಡ್ರಿ, ನಾ ದಾಟತೀನಿ,” ಎಂದರು.

ನಾನು ಟ್ರ್ಯಾಕ್ಟರಿನ ಮುಂದೆ ನಿಂತೆ. “ಕಾಕಾ, ನನ್ನ ಮಾತ ನಂಬಬ್ಯಾಡ್ರಿ. ದೋಣಿ ಹತ್ರಿ, ನಿಮ್ಮ ಕೈಲೇ ನೋಡ್ರಿ.”

ಅವರು ಗೊಣಗುತ್ತಲೇ ದೋಣಿ ಹತ್ತಿದರು. ನಡುಗಂಬದ ಹತ್ತಿರ ಗಳವನ್ನು ಅವರ ಕೈಗೆ ಕೊಟ್ಟೆ. ಕಂಬದ ಅಡಿಗೆ ಓರೆಯಾಗಿ ಚುಚ್ಚಿದರು. ಎಲ್ಲೂ ತಡೆಯದೆ ಅದು ಒಳಗೊಳಗೇ ಹೋಯಿತು. ಅವರ ಮುಂಗೈ ನೀರಿಗೆ ತಾಗಿತು. ಹೊರಗೆಳೆದು ಮತ್ತೆ ಚುಚ್ಚಿದರು. ಆಮೇಲೆ ತಲೆಯೆತ್ತಿ ಕಮಾನನ್ನು ನೋಡಿದರು.

“ನನ್ನ ಹಿಂದಿನ ಗಾಡಿ ನಡಸಾಂವ ನನ್ನ ಮಗಾ ಅದಾನ್ರಿ,” ಎಂದರು.

ದಂಡೆಗೆ ಬಂದವರೇ ತಮ್ಮ ಟ್ರ್ಯಾಕ್ಟರನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು. “ಎಲ್ಲಾರೂ ಗಾಡಿ ಹಿಂದಕ್ಕ ಹೊಳ್ಳಿಸ್ರೋ! ಬುಡದಾಗ ಏನೂ ಉಳದಿಲ್ಲ. ನಾ ನೋಡಿ ಬಂದೀನಿ.”

ಆ ಹಂಗಾಮಿನಲ್ಲಿ ಒಂದು ಗಾಡಿಯೂ ಸೇತುವೆ ದಾಟಲಿಲ್ಲ. ಕಾವಲಿಗೆ ಪೊಲೀಸರೂ ಬೇಕಾಗಲಿಲ್ಲ. ಬೇಸಿಗೆಯಲ್ಲಿ ಕಂಬದ ಸುತ್ತ ಮರಳಿನ ಚೀಲ ಒಡ್ಡಿ, ನೀರು ಹೊರಹಾಕಿ, ಪೊಳ್ಳಿಗೆ ಕಾಂಕ್ರೀಟ್ ತುಂಬಿದೆವು. ಸೇತುವೆ ಇಂದಿಗೂ ಗಟ್ಟಿಯಾಗಿದೆ.

ಅಂದಿನಿಂದ ಯಾವ ಸೇತುವೆ ಮುಚ್ಚಿದರೂ, ಸುತ್ತುದಾರಿ ಹಿಡಿಯಬೇಕಾದವರನ್ನೇ ಮೊದಲು ಕೆಳಗೆ ಕರೆದೊಯ್ದು ತೋರಿಸುತ್ತೇನೆ. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನ ಒಮ್ಮೆಯೂ ವ್ಯರ್ಥವಾಗಿಲ್ಲ.